ಮಾರಿದವರ ಹಗ್ಗ

ರಮಜಾನ್ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಪ್ರತಿವರ್ಷ ಒಂದೇ ಪ್ರಶ್ನೆ ಏಳುತ್ತದೆ. ಸುಣ್ಣ ಹಚ್ಚುವುದಕ್ಕೆಂದು ಗೋಡೆಯ ಸಾಮಾನುಗಳನ್ನು ಇಳಿಸುತ್ತ ಬರುವ ನನ್ನ ಹೆಂಡತಿ ಮಮತಾಜ ನಡುಮನೆಯ ಗೂಟದ ಹತ್ತಿರ ಬಂದು ನಿಲ್ಲುತ್ತಾಳೆ. ಸೊಂಟದ ಮೇಲೆ ಕೈ ಇಟ್ಟುಕೊಂಡು, "ಏನ್ರೀ, ಈ ಹಗ್ಗ ಈ ವರ್ಷರ ಒಗಿಯೂದೋ, ಮತ್ತ ಇಲ್ಲೇ ಇರೂದೋ?" ಎಂದು ಕೇಳುತ್ತಾಳೆ.

ಅವಳು ಕೇಳುವುದರಲ್ಲಿ ತಪ್ಪೇನಿಲ್ಲ. ಗೂಟಕ್ಕಿರುವುದು ಎತ್ತು ಕಟ್ಟುವ ಹಗ್ಗ. ನಮ್ಮ ಮನೆಯಲ್ಲಿ ಎತ್ತಿಲ್ಲ. ಎತ್ತು ನಿಲ್ಲುತ್ತಿದ್ದ ಜಾಗದಲ್ಲಿ ಈಗ ನನ್ನ ಮೋಟಾರ್ ಸೈಕಲ್ ನಿಲ್ಲುತ್ತದೆ, ಅದು ಪೆಟ್ರೋಲ್ ಮುಗಿದಾಗ ಮಾತ್ರ ಹಟ ಮಾಡುವ ಪ್ರಾಣಿ, ಕಟ್ಟಿಹಾಕುವ ಪ್ರಮೇಯ ಬರುವುದಿಲ್ಲ. ಆದರೂ ಹಗ್ಗವನ್ನು ಒಗೆಯಲು ನನ್ನ ಕೈ ಏಳುವುದಿಲ್ಲ. ಯಾಕೆ ಅಂತ ಹೇಳಹೊರಟರೆ ಒಂದು ಹಳೆಯ ಕ್ಯಾಮರಾದ ಸುದ್ದಿ ಹೇಳಬೇಕಾಗುತ್ತದೆ. ಕ್ಯಾಮರಾದ ಸುದ್ದಿ ಹೇಳಬೇಕೆಂದರೆ ನನಗಿದ್ದ ಒಂದು ಚಟದ ಬಗ್ಗೆ ಹೇಳಬೇಕು.

ಚಟ ಅಂದಕೂಡಲೇ ಗಾಬರಿಯಾಗಬೇಡಿ. ನನ್ನದು ಗಜೇಂದ್ರಗಡದಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ. ಮನೆ ರಾಜೂರದಲ್ಲಿ. ನಾನು ಹೇಳುತ್ತಿರುವುದು ರೋಲ್ ಹಾಕುವ ಕ್ಯಾಮರಾಗಳೆಲ್ಲ ಒಂದೊಂದಾಗಿ ಕಪಾಟು ಸೇರುತ್ತಿದ್ದ ಕಾಲದ ಮಾತು. ಡಾರ್ಕ್ ರೂಮಿನ ಕೆಂಪು ದೀಪ ತೆಗೆದು ಟ್ಯೂಬ್‌ಲೈಟ್ ಹಾಕಿಸಿ, ಅಲ್ಲೊಂದು ಕಂಪ್ಯೂಟರ್ ಕೂರಿಸಿದ್ದೆ. ಕಸುಬಿಗೆ ಹೊಸದು ಬೇಕು, ಮನಸ್ಸಿಗೆ ಮಾತ್ರ ಹಳೆಯದೇ ಬೇಕು ಅನ್ನುವ ಸ್ಥಿತಿ. ಸ್ಟುಡಿಯೋದ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ. ಹಾಗಾಗಿ ಸಂಜೆ ಬಾಗಿಲು ಹಾಕಿ ಶರಣಪ್ಪನ ಸೈಬರ್ ಕೆಫೆಗೆ ಹೋಗಿ ಕೂರುತ್ತಿದ್ದೆ. ಅಲ್ಲಿ ಹಳೆಯ ಸಾಮಾನು ಮಾರುವ, ಕೊಳ್ಳುವ ಒಂದು ತಾಣ ನನಗೆ ಸಿಕ್ಕಿತ್ತು. ಯಾವುದೋ ಊರಿನ ಯಾರೋ ತಮ್ಮ ಅಟ್ಟದಿಂದ ಇಳಿಸಿದ ಗಡಿಯಾರ, ರೇಡಿಯೋ, ಹೊಲಿಗೆ ಯಂತ್ರ ಎಲ್ಲ ಅಲ್ಲಿ ಬಂದು ಕೂತಿರುತ್ತಿದ್ದವು. ಲೈನು ಎಷ್ಟು ನಿಧಾನವೆಂದರೆ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಗಡಿಯಾರದ ಹನ್ನೆರಡು ಕಾಣಿಸಿದರೆ ಆರು ಕಾಣಿಸುವುದರೊಳಗೆ ನನ್ನ ಚಹಾ ಮುಗಿದಿರುತ್ತಿತ್ತು.

"ಸಾಬ್ರ, ಮಂದಿ ಇಂಟರ್ನೆಟ್ಟಿನಾಗ ಹೊಸಾದು ಹುಡುಕ್ತಾರ. ನೀವು ಗುಜರಿ ಹುಡುಕಾಕ ಬರ್ತೀರಲ್ರಿ," ಎಂದು ಶರಣಪ್ಪ ನಗುತ್ತಿದ್ದ.

ನನಗೆ ಆ ಚಿತ್ರಗಳಲ್ಲಿ ಸಾಮಾನಿಗಿಂತ ಹೆಚ್ಚಾಗಿ ಮೂಲೆಗಳು ಹಿಡಿಸುತ್ತಿದ್ದವು. ಮಾರುವವರು ರೇಡಿಯೋ ತೋರಿಸಲಿಕ್ಕೆಂದು ಫೋಟೋ ತೆಗೆದಿರುತ್ತಾರೆ. ಆದರೆ ಮೂಲೆಯಲ್ಲಿ ಹರಿದ ಪರದೆಯ ಅಂಚು, ಯಾರದೋ ಹಿಮ್ಮಡಿ, ಅರ್ಧ ತಿಂದಿಟ್ಟ ತಾಟು ಬಂದುಬಿಟ್ಟಿರುತ್ತದೆ. ಅದನ್ನು ನೋಡಿದಾಗ ಇದು ಅಂಗಡಿಯಲ್ಲ, ಒಂದು ಮನೆ ಎಂದು ನನಗೆ ನೆನಪಾಗುತ್ತಿತ್ತು. ಆ ಚಿತ್ರಗಳ ಕೆಳಗೆ ಜನ ಬರೆಯುವುದನ್ನು ಓದಿದರೆ ಬೇಸರವಾಗುತ್ತಿತ್ತು. ಇದೆಂಥ ಡಬ್ಬಾ, ಇದಕ್ಕೆ ಇಷ್ಟು ಬೆಲೆಯೇ, ಕೊನೆಯ ರೇಟು ಹೇಳಿ, ಅರ್ಧಕ್ಕೆ ಕೊಡುತ್ತೀರಾ. ಕೊಳ್ಳುವ ಮನಸ್ಸಿಲ್ಲದವರೇ ಹೆಚ್ಚು ಹೆಸರಿಡುತ್ತಿದ್ದರು, ಕುಂದು ಎತ್ತಿ ಆಡುತ್ತಿದ್ದರು.

ಹಾಗೆ ಹೆಸರಿಡುವುದು ನನ್ನ ಅಬ್ಬಾನಿಗೆ ಆಗದ ಮಾತು. ಅಬ್ಬಾ, ಅಂದರೆ ಹಸನಸಾಬ, ದನದ ದಲಾಲ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಕಡೆಯ ಸಂತೆಗಳಲ್ಲಿ ಅವನ ಪರಿಚಯವಿಲ್ಲದ ರೈತರು ಕಡಿಮೆ. ಮನೆಯಲ್ಲಿ ನಮ್ಮದು ಉರ್ದು ಬೆರೆತ ಮಾತು. ಆದರೆ ದನದ ವಿಷಯ ಬಂದರೆ ಅಬ್ಬಾ ಕನ್ನಡಕ್ಕೇ ಇಳಿಯುತ್ತಿದ್ದ. ಎತ್ತಿನ ಸುಳಿ, ಕೋಡು, ನಡಿಗೆಗೆಲ್ಲ ಉರ್ದುವಿನಲ್ಲಿ ಏನನ್ನುತ್ತಾರೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ.

ಸಣ್ಣವನಿದ್ದಾಗ ಅವನ ಬೆನ್ನು ಹತ್ತಿ ಸಂತೆಗೆ ಹೋಗುತ್ತಿದ್ದೆ. ಸಂತೆಯ ವ್ಯಾಪಾರ ಬಾಯಿಂದ ಆಗುತ್ತಿರಲಿಲ್ಲ. ದಲಾಲ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹಾಕಿಕೊಳ್ಳುತ್ತಿದ್ದ. ಒಮ್ಮೆ ಮಾರುವವನು, ಒಮ್ಮೆ ಕೊಳ್ಳುವವನು ಅದರಡಿ ಕೈ ತೂರಿಸುತ್ತಿದ್ದ. ಒಳಗೆ ಬೆರಳುಗಳು ಬೆರಳುಗಳನ್ನು ಹಿಡಿಯುತ್ತಿದ್ದವು. ಎಷ್ಟು ಬೆರಳು ಹಿಡಿದರೆ ಎಷ್ಟು ಎಂಬುದು ಅವರಿಬ್ಬರಿಗೇ ಗೊತ್ತು. ಟವೆಲ್ ಮಿಸುಕಾಡುವುದನ್ನು ನೋಡಿ ಒಳಗೆ ಇಲಿ ಇದೆಯೆಂದು ನಾನು ಬಹಳ ದಿನ ನಂಬಿದ್ದೆ. ಮುಂದೆ ನಾನು ಸ್ಟುಡಿಯೋದ ದೊಡ್ಡ ಕ್ಯಾಮರಾದ ಕರಿ ಬಟ್ಟೆಯೊಳಗೆ ತಲೆ ತೂರಿಸಿದ್ದನ್ನು ಕಂಡು ಅಬ್ಬಾ, "ನಂದು ಕೈ, ನಿಂದು ತಲಿ. ಅರಿಬಿ ಒಳಗಿನ ಕಸುಬು ಬಿಡಲಿಲ್ಲ ನೋಡು ನಮ್ಮನ್ನ," ಎಂದಿದ್ದ.

ಟವೆಲ್ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಎತ್ತಿಗೆ ಕಡಿಮಿ ರೊಕ್ಕ ಬಂತು ಅಂದ್ರ ಮಾರಿದಾವ ನಾಕ ಮಂದ್ಯಾಗ ಸಣ್ಣಾವ ಆಗಬಾರದಲ್ಲ," ಎಂದ. ಕೊಳ್ಳುವವನು ಎತ್ತಿನ ಮುಂದೆ ನಿಂತು ಅದರ ಕುಂದು ಎಣಿಸಿದರೆ ಅಬ್ಬಾ ಆ ವ್ಯಾಪಾರವನ್ನೇ ಬಿಡುತ್ತಿದ್ದ. ಬೇಡವಾದರೆ ಬೇಡ ಅನ್ನು, ಹೆಸರಿಡಬೇಡ ಎನ್ನುವುದು ಅವನ ಕಾನೂನು. ಮೊದಲು ಎತ್ತಿನ ಹೆಸರು ಕೇಳಬೇಕು, ಏನು ತಿಂದು ಬೆಳೆದಿದೆ ಎಂದು ಕೇಳಬೇಕು, ಬೆಲೆ ಆಮೇಲೆ. ಒಂದು ಸಲ ಹೊಳೆಆಲೂರಿನ ಕಡೆ ಮಲಪ್ರಭೆ ಉಕ್ಕಿ ಹರಿದಾಗ ಒಬ್ಬ ರೈತ ಮೇವೆಲ್ಲ ಕೊಚ್ಚಿಹೋಗಿ ಎತ್ತು ಮಾರಲು ಬಂದಿದ್ದ. ಕೊಳ್ಳುವವನೊಬ್ಬ ಸಮಯ ನೋಡಿ ಬೆರಳು ಮಡಚಿ ಬೆಲೆ ಇಳಿಸತೊಡಗಿದ. ಅಬ್ಬಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ನೀರು ಬಂದ ಊರವರ ಕೈ ಹಿಂಡಾಕ ನನ್ನ ಟವೆಲ್ ಇಲ್ಲ. ನಿನ್ನ ಅರಿಬಿ ತಂದುಕೋ," ಎಂದುಬಿಟ್ಟ. ಆ ದಿನ ಅವನಿಗೆ ದಲಾಲಿ ಸಿಗಲಿಲ್ಲ. ಮನೆಗೆ ಬರುವಾಗ ನನಗೆ ಮಿರ್ಚಿ ಭಜಿ ಸಿಗಲಿಲ್ಲ, ಅದಕ್ಕೇ ನನಗೆ ಅಷ್ಟು ಚೆನ್ನಾಗಿ ನೆನಪಿದೆ.

ಇನ್ನು ಹಗ್ಗದ ಮಾತು. ವ್ಯಾಪಾರ ಕುದುರಿದ ಮೇಲೆ ಕೊಂಡವನು ತಾನು ತಂದ ಹಗ್ಗ ಎತ್ತಿಗೆ ಕಟ್ಟುತ್ತಾನೆ. ಹಳೆಯ ಹಗ್ಗವನ್ನು ಬಿಚ್ಚಿ ಮಾರಿದವನ ಕೈಯಲ್ಲಿ ಇಡುತ್ತಾನೆ. ಎತ್ತು ಮಾರಿದರೂ ಹಗ್ಗ ಮಾರುವುದಿಲ್ಲ. ಮಾರಿದವನು ಆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗಿ ಖಾಲಿ ಗೂಟಕ್ಕೆ ತೂಗುಹಾಕುತ್ತಾನೆ. ಹಗ್ಗ ಇದ್ದಲ್ಲಿ ದನ ಬರುತ್ತದೆ ಎಂಬ ನಂಬಿಕೆ. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಗೂಟದ ಹಗ್ಗ ಕೆಂದ ಎಂಬ ಎತ್ತಿನದು. ಊರಿಗೆ ಟ್ರ್ಯಾಕ್ಟರುಗಳು ಬಂದು ಸಂತೆಯ ಗದ್ದಲ ಇಳಿದ ಮೇಲೆ, ಮೊಣಕಾಲು ನೋವೂ ಹಿಡಿದು ಅಬ್ಬಾ ಸಂತೆಗೆ ಹೋಗುವುದನ್ನೇ ಬಿಟ್ಟ. ಕೆಂದನನ್ನು ಮಾರಿ ಹಗ್ಗ ತಂದು ತೂಗುಹಾಕಿದ. ದನ ಬರಲಿಲ್ಲ, ಮೋಟಾರ್ ಸೈಕಲ್ ಬಂತು.

ಈಗ ಕ್ಯಾಮರಾಕ್ಕೆ ಬರುತ್ತೇನೆ. ಒಂದು ಸಂಜೆ ಶರಣಪ್ಪನ ಕೆಫೆಯಲ್ಲಿ ಗೆರೆಗೆರೆಯಾಗಿ ಇಳಿದು ಬಂದದ್ದು ಎರಡು ಕಣ್ಣಿನ ಕ್ಯಾಮರಾ. ಒಂದರ ಮೇಲೊಂದು ಎರಡು ಲೆನ್ಸ್ ಇರುವ, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಇಣುಕಿ ನೋಡುವಂಥದ್ದು. ಅದರಲ್ಲಿ ಫೋಟೋ ತೆಗೆಯಬೇಕೆಂದರೆ ಎದುರಿನವರಿಗೆ ತಲೆ ಬಾಗಿಸಲೇಬೇಕು. ಅದಕ್ಕೇ ನನಗೆ ಆ ಜಾತಿಯ ಕ್ಯಾಮರಾ ಎಂದರೆ ಪ್ರಾಣ. ಮೈಸೂರಿನವರು ಯಾರೋ ಮಾರುತ್ತಿದ್ದರು. "ಹೆಗಲಿಗೆ ಹಾಕುವ ಕಂಪನಿಯ ಪಟ್ಟಿ ಹೋಗಿದೆ, ಕೈಯಲ್ಲಿ ಹೊಲಿದ ಪಟ್ಟಿ ಇದೆ" ಎಂದು ಕೆಳಗೆ ಬರೆದಿದ್ದರು. ಎಲ್ಲರೂ ಸಾಮಾನನ್ನು ಟೇಬಲ್ಲಿನ ಮೇಲಿಟ್ಟು ಫೋಟೋ ತೆಗೆದರೆ, ಇವರು ಅದು ಗೋಡೆಯ ಗೂಟದಲ್ಲಿ ತೂಗುತ್ತಿದ್ದಂತೆಯೇ ತೆಗೆದಿದ್ದರು. ಶರಣಪ್ಪನಿಂದ ಒಂದು ಪ್ರಿಂಟ್ ತೆಗೆಸಿಕೊಂಡು ಮನೆಗೆ ಒಯ್ದೆ.

ಅಬ್ಬಾ ಪ್ರಿಂಟನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. ಕ್ಯಾಮರಾ ಬಗ್ಗೆ ಒಂದು ಮಾತೂ ಆಡಲಿಲ್ಲ. "ಭಾಳ ವರ್ಷದಿಂದ ಇಲ್ಲೇ ತೂಗೈತಿ ನೋಡು. ಗೋಡಿ ಮ್ಯಾಲ ಕಲಿ ಬಿದ್ದೈತಿ. ಇದನ್ನ ಇಳಿಸಿದ್ರ ಅವರ ಗೂಟ ಬರೇ ಆಕ್ಕೈತಲ್ಲೋ," ಎಂದ.

ನಾನು ಚೌಕಾಸಿ ಮಾಡದೆ, ಹೆಸರಿಡದೆ, ಹೇಳಿದ ಬೆಲೆಗೆ ಒಪ್ಪಿಕೊಂಡೆ. ಅಬ್ಬಾ ಹೇಳಿಕೊಟ್ಟಂತೆ ಅದಕ್ಕೆ ಮನೆಯಲ್ಲಿ ಏನೆಂದು ಕರೆಯುತ್ತಿದ್ದಿರಿ ಎಂದೂ ಕೇಳಬೇಕೆನಿಸಿತ್ತು. ಇಂಟರ್ನೆಟ್ಟಿನಲ್ಲಿ ಕ್ಯಾಮರಾದ ಹೆಸರು ಕೇಳಿದರೆ ತಲೆ ಕೆಟ್ಟವನು ಎಂದಾರೆಂದು ಸುಮ್ಮನಾದೆ. ಪಾರ್ಸೆಲ್ ಬಂತು. ಮೆತ್ತನೆಯ ಹಳೇ ಪಂಚೆಯಲ್ಲಿ ಸುತ್ತಿ ಕಳಿಸಿದ್ದರು. ಪಟ್ಟಿ ಮಂಚಕ್ಕೆ ಹೆಣೆಯುವ ನವಾರದ್ದು, ಅಂಚಿಗೆ ನೀಲಿ ದಾರದ ಹೊಲಿಗೆ, ಹೆಗಲಿಗೆ ತಾಗುವಲ್ಲಿ ಒಳಗೆ ಹತ್ತಿ ತುಂಬಿದ್ದರು. ಅಬ್ಬಾ ಅದನ್ನು ಬೆರಳಲ್ಲಿ ಸವರಿ ನೋಡಿದ. ಆಮೇಲೆ ನಿಧಾನಕ್ಕೆ ಎರಡೂ ಕಡೆ ಬಿಚ್ಚಿ ಸುರುಳಿ ಸುತ್ತಿ ನನ್ನ ಕೈಯಲ್ಲಿಟ್ಟ.

"ಕೊಟ್ಟು ಕಳಿಸು. ಇದು ಮಾರಿದವರದು."

"ಅಬ್ಬಾ, ಇದು ಕ್ಯಾಮರಾ. ಎತ್ತಲ್ಲ."

"ಅವರ ಗೂಟಕ್ಕ ಅದು ಗೊತ್ತೈತೇನು?" ಎಂದ.

ನಾನು ಹೆಚ್ಚು ವಾದ ಮಾಡಲಿಲ್ಲ, ಯಾಕೆಂದರೆ ನನಗೂ ಅದು ಸರಿ ಅನ್ನಿಸಿತ್ತು. ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಅಂಚೆಗೆ ಹಾಕಿ ಬಂದೆ. ಜೊತೆಗೆ ಒಂದು ಸಾಲು ಬರೆಯಬೇಕೆಂದು ನನಗೂ ಹೊಳೆಯಲಿಲ್ಲ, ಅಬ್ಬಾನಿಗೂ ಹೊಳೆಯಲಿಲ್ಲ. ಸಂತೆಯಲ್ಲಿ ಹಗ್ಗ ಕೊಡುವಾಗ ಯಾರಾದರೂ ಚೀಟಿ ಬರೆಯುತ್ತಾರೆಯೇ? ಅಬ್ಬಾ ಆಗಲೇ ಬಿಳಿ ನೂಲಿನ ಹೊಸ ಹುರಿ ಹೊಸೆದು ಕ್ಯಾಮರಾಕ್ಕೆ ಕಟ್ಟಿಬಿಟ್ಟಿದ್ದ.

ಕೆಲವು ದಿನಗಳ ನಂತರ ಸ್ಟುಡಿಯೋದಲ್ಲಿ ಒಬ್ಬರಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿದ್ದಾಗ ಮೊಬೈಲು ರಿಂಗಣಿಸಿತು. ವಯಸ್ಸಾದ ಹೆಂಗಸಿನ ದನಿ, ಸ್ಪಷ್ಟವಾದ ಮಾತು. ಹೆಸರು ಸುಶೀಲಮ್ಮ, ನಿವೃತ್ತ ಟೀಚರ್ ಎಂದರು. ಕ್ಯಾಮರಾ ಅವರದೇ. ತಾಣಕ್ಕೆ ಹಾಕಿದವಳು ಅವರ ಮೊಮ್ಮಗಳು.

"ಪಟ್ಟಿ ಬಂತು," ಎಂದರು. "ಅದು ನಾನು ಹೊಲಿದದ್ದು. ಅಂಗಡೀದಲ್ಲ ಅಂತ ಮೊದಲೇ ಬರೆಸಿದ್ದೆ. ಹೊಲಿಗೆ ನಿಮಗೆ ಹಿಡಿಸಲಿಲ್ಲ ಅಂದ್ರೆ ಎಸೆದುಬಿಡಬಹುದಿತ್ತು. ಕಾಗದದಲ್ಲಿ ಸುತ್ತಿ ನನ್ನ ಮನೆಗೇ ವಾಪಸ್ ಕಳಿಸಬೇಕಾಗಿತ್ತಾ?"

ಎದುರಿಗೆ ಫೋಟೋಕ್ಕೆ ಕೂತವರು ಗದ್ದ ಎತ್ತಿಕೊಂಡು ಹಾಗೇ ಇದ್ದರು. ಏನೋ ಒಂದು ಹೇಳಬೇಕಲ್ಲ ಎಂದು, "ಹಂಗಲ್ರಿ ಮೇಡಂ, ನಮ್ಮ ಕಡೆ ದನದ ಹಗ್ಗ ಇರತೈತಲ್ರಿ, ಅದೂ ಹಂಗ," ಎಂದೆ.

"ದನದ ಹಗ್ಗನಾ?" ಎಂದರು ಅವರು. "ಆಯ್ತಪ್ಪ," ಎಂದು ಫೋನಿಟ್ಟರು.

ಇಷ್ಟು ವರ್ಷ ಜನರನ್ನು ನಗಿಸಿ ಫೋಟೋ ತೆಗೆದವನು ನಾನು. ಒಬ್ಬರನ್ನು ನೋಯಿಸಲು ನನಗೆ ಒಂದು ವಾಕ್ಯ ಸಾಕಾಯಿತು.

ಮನೆಗೆ ಬಂದು ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ಅಬ್ಬಾ ನಗಲಿಲ್ಲ. ರೊಟ್ಟಿ ಮುರಿದವನು ತಾಟಿನಲ್ಲೇ ಬಿಟ್ಟು ಕೈ ತೊಳೆದ. ಅವನ ದಲಾಲಿಯಲ್ಲಿ ಲಾಭವಾಗದ ವ್ಯಾಪಾರಗಳು ಬೇಕಾದಷ್ಟಿದ್ದವು, ಮಾರಿದವರು ನೊಂದು ಹೋದ ವ್ಯಾಪಾರ ಇರಲಿಲ್ಲ. ಅದೊಂದೇ ಅವನ ಹೆಮ್ಮೆ. ಟವೆಲ್ ಹಿಡಿಯುವುದನ್ನು ಬಿಟ್ಟು ಎಷ್ಟೋ ವರ್ಷದ ಮೇಲೆ, ಮುಖ ಸಹ ನೋಡದ ಒಬ್ಬ ಹೆಣ್ಣುಮಗಳನ್ನು ನೋಯಿಸಿಬಿಟ್ಟೆನಲ್ಲ ಎಂಬ ಕೊರಗು ಅವನಿಗೆ ಹತ್ತಿಕೊಂಡಿತು. ಮರುದಿನ ನಾನು ಏಳುವಾಗ ಗೂಟ ಖಾಲಿಯಾಗಿತ್ತು. ಕೆಂದನ ಹಗ್ಗ ಹಿತ್ತಲಿನ ಕಟ್ಟಿಗೆ ರಾಶಿಯ ಮೇಲೆ ಬಿದ್ದಿತ್ತು.

"ಯಾಕ ಅಬ್ಬಾ?"

"ಸಂತಿ ಬುದ್ಧಿ ಸಂತ್ಯಾಗ ಬಿಟ್ಟು ಬರಬೇಕಿತ್ತು. ಮಂದಿ ಮನೀಗೆ ಕಳಿಸಿದೆ ನಾ," ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮಮತಾಜಳಿಗೆ ಆ ಹಗ್ಗ ಹೋಗಲಿ ಎಂಬ ಆಸೆ ಎಷ್ಟೋ ವರ್ಷದ್ದು. ಆದರೆ ಆ ದಿನ ಅದು ಹೋದದ್ದು ಕಂಡು ಅವಳಿಗೂ ಸಂಕಟವಾಯಿತು. ಅವಳೇ ನನಗೆ, "ನೀವು ಮಾತಾಡಿ ಕೆಡಿಸಿಟ್ಟೀರಿ. ಅಬ್ಬಾರ ಕೈಯಾಗ ಫೋನ್ ಕೊಡ್ರಿ," ಎಂದಳು. ಇಷ್ಟು ಸರಳ ಉಪಾಯ ನನಗೆ ಹೊಳೆದಿರಲಿಲ್ಲ.

ಅಬ್ಬಾ ಮೊದಲು ಒಲ್ಲೆನೆಂದ. ಆಮೇಲೆ ಟೋಪಿ ಸರಿಮಾಡಿಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು, ಸುಶೀಲಮ್ಮ ಎದುರಿಗೇ ಬಂದು ನಿಂತಿದ್ದಾರೋ ಎನ್ನುವಂತೆ ಎದ್ದು ನಿಂತ. ಅವನಿಗೆ ಕಿವಿ ಮಂದ. ಅವರ ನಂಬರ್ ಹಚ್ಚಿ, ಸ್ಪೀಕರ್ ಒತ್ತಿ ಕೊಟ್ಟೆ.

"ನಮಸ್ಕಾರ್ರೀ ಟೀಚರ. ನಾನು ಹಸನಸಾಬ ಅಂತ, ಈ ಹುಡುಗನ ಅಪ್ಪ. ಪಟ್ಟಿ ಕಳಿಸಿದಾವ ನಾನ್ರಿ. ಬೈಯೂದಿದ್ರ ನನಗ ಬೈರಿ, ಅವನ್ನ ಬಿಟ್ಟುಬಿಡ್ರಿ."

ಟವೆಲ್ಲಿನ ತುದಿ ಬೆರಳಿಗೆ ಸುತ್ತಿಕೊಂಡು ಅಬ್ಬಾ ಮುಂದುವರಿಸಿದ.

"ಹೊಲಿಗಿ ಭಾಳ ಚಲೋ ಐತ್ರಿ. ಕೈಯಾಗ ಹಿಡದು ನೋಡೀನಿ. ಹಿಡಿಸಲಾರದಕ್ಕ ಕಳಿಸಿಲ್ರಿ. ನಾನು ದನದ ಸಂತ್ಯಾಗ ಬಾಳೇವು ಮಾಡಿದಾವ. ನಮ್ಮಲ್ಲಿ ಎತ್ತು ಕೊಂಡಾವ ಎತ್ತು ಹೊಡಕೊಂಡು ಹೋಗ್ತಾನ, ಹಗ್ಗ ಮಾರಿದವರ ಕೈಯಾಗ ಇಟ್ಟು ಹೋಗ್ತಾನ್ರಿ. ಅಷ್ಟು ವರ್ಷ ಕಟ್ಟಿದ ಗೂಟ ಒಮ್ಮಿಗೇ ಬರೇ ಆದ್ರ ಮನಿಯವರಿಗೆ ನೋಡಾಕ ಆಗೂದಿಲ್ರಿ. ನಿಮ್ಮ ಗೂಟ ಫೋಟೋದಾಗ ನೋಡಿದ್ನಿ. ಅದಕ್ಕ ಕಳಿಸಿದೆ. ಹೇಳಿ ಕಳಿಸಬೇಕಿತ್ತು, ತಿಳೀಲಿಲ್ರಿ."

ಸುಶೀಲಮ್ಮನ ದನಿ ಕೇಳಲೆಂದು ಅಬ್ಬಾ ಕಿವಿಯನ್ನು ಮೊಬೈಲಿನ ಹತ್ತಿರ ತಂದ.

"ನಿಮ್ಮನೇಲಿ ಎತ್ತಿತ್ತಾ?" ಎಂದು ಕೇಳಿದರು.

"ಇತ್ರಿ. ಮಾರಿದೆ."

"ಏನಂತ ಕರೀತಿದ್ರಿ?"

"ಕೆಂದ ಅಂತಿದ್ವಿರಿ." ಅಬ್ಬಾನ ದನಿ ಸಡಿಲವಾಯಿತು. ಎತ್ತಿನ ಹೆಸರು ಕೇಳುವುದು ತಿಳಿದವರ ಲಕ್ಷಣ ಎಂದೇ ಅವನು ಜೀವಮಾನವಿಡೀ ನಂಬಿದವನು.

"ನಮ್ಮ ಶಾಲೆ ಹುಡುಗೀರು ಈ ಕ್ಯಾಮರಾನ ಕಣ್ಣಮ್ಮ ಅಂತಿದ್ರು," ಎಂದರು ಸುಶೀಲಮ್ಮ. "ಪ್ರತಿ ವರ್ಷ ಶಾಲೆ ಬಿಟ್ಟು ಹೋಗೋ ಮಕ್ಕಳದ್ದು ಒಂದು ಫೋಟೋ ಅದರಲ್ಲೇ ತೆಗೀತಿದ್ದೆ. ಈಗ ರೋಲು ಸಿಗಲ್ಲ, ಹೆಗಲೂ ತಡೆಯಲ್ಲ. ಕಳಿಸೋ ದಿನ ಪಟ್ಟಿ ಬಿಚ್ಚಿ ಇಟ್ಕೊಳ್ಳೋಣ ಅಂತ ಕೈ ಹೋಯ್ತು. ಮಾರಿದ ಮೇಲೆ ಅದು ನನ್ನದಲ್ಲವಲ್ಲ ಅಂತ ಬಿಟ್ಟೆ. ಅದೇ ವಾಪಸ್ ಬಂದಾಗ, ನನ್ನ ಕೈಕೆಲಸಾನೂ ಇವರಿಗೆ ಬೇಡವಾಯ್ತು ಅಂದ್ಕೊಂಡೆ."

"ಗೂಟಕ್ಕ ಹಾಕ್ರಿ," ಎಂದ ಅಬ್ಬಾ. "ಹಗ್ಗ ಇದ್ದಲ್ಲಿ ದನ ಬರತೈತ್ರಿ."

"ಕ್ಯಾಮರಾನೂ ಬರುತ್ತಾ?" ಎಂದು ಅವರು ನಕ್ಕರು.

"ಅದು ಗೊತ್ತಿಲ್ರಿ. ನಾ ಕ್ಯಾಮರಾ ದಲಾಲಿ ಮಾಡಿಲ್ಲ."

ಫೋನಿಟ್ಟ ಮೇಲೆ ಅಬ್ಬಾ ಸೀದಾ ಹಿತ್ತಲಿಗೆ ಹೋದ. ಕಟ್ಟಿಗೆ ರಾಶಿಯ ಮೇಲಿನ ಹಗ್ಗ ಎತ್ತಿ ಧೂಳು ಕೊಡವಿ ಒಳಗೆ ತಂದು ತೂಗುಹಾಕಿದ. ನಂತರ, "ಹಸಿವಾಗೈತಿ," ಎಂದ. ಮಮತಾಜ ರೊಟ್ಟಿಯ ಹಂಚು ಇಡಲು ಹೋದಳು.

ಕೆಲವು ತಿಂಗಳ ಮೇಲೆ ಸುಶೀಲಮ್ಮ ತಾವಾಗಿಯೇ ಫೋನು ಮಾಡಿದರು, ನನಗಲ್ಲ, ಅಬ್ಬಾನಿಗೆ. ಪಟ್ಟಿಯನ್ನು ಗೂಟಕ್ಕೆ ಹಾಕಿದ್ದರಂತೆ. ದಿನಾ ಬೆಳಿಗ್ಗೆ ಅದನ್ನು ನೋಡಿ ನೋಡಿ ತಡೆಯಲಾಗದೆ, ಯಾರೋ ಬಳಸಿ ಬಿಟ್ಟಿದ್ದ ಸಣ್ಣದೊಂದು ಡಿಜಿಟಲ್ ಕ್ಯಾಮರಾ ಕೊಂಡರಂತೆ. "ಪಟ್ಟಿ ಅಗಲ, ಕ್ಯಾಮರಾ ಅಂಗೈಯಷ್ಟು. ನೋಡಿದೋರು ನಗ್ತಾರೆ ಸಾಬ್ರೇ. ಆದ್ರೆ ಬೀದಿ ಮಕ್ಕಳದ್ದೆಲ್ಲ ಫೋಟೋ ತೆಗೀತಿದೀನಿ," ಎಂದರು.

ಅಬ್ಬಾ ಆ ದಿನವಿಡೀ ಒಬ್ಬನೇ ಮುಗುಳ್ನಗುತ್ತ ಕೂತಿದ್ದ. ಮುಂದಿನ ಸಂತೆಯ ದಿನ ಬೆಳಿಗ್ಗೆ ನೋಡುತ್ತೇನೆ, ತೊಳೆದ ಧೋತರ ಉಟ್ಟು, ಕೆಂದನ ಹಗ್ಗ ಹೆಗಲಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತಿದ್ದಾನೆ. ಅಷ್ಟು ವರ್ಷ ಸಂತೆಯ ಹೆಸರೆತ್ತದವನು.

"ಎಲ್ಲಿಗೆ?" ಎಂದೆ.

"ನರಗುಂದಕ್ಕ. ಸುಮ್ನ ನೋಡಿ ಬರ್ತೀನಿ. ಕೊಳ್ಳಾಕಲ್ಲ."

ಕೊಳ್ಳಲು ಹೋಗದವನ ಹೆಗಲಿಗೆ ಹಗ್ಗ ಯಾಕೆ ಎಂದು ನಾನು ಕೇಳಲಿಲ್ಲ. ಸಂಜೆ ಬಸ್ಸಿಂದ ಇಳಿಯದೆ, ಪರಿಚಯದವರ ಟೆಂಪೋದಲ್ಲಿ ಬಂದ. ಜೊತೆಗೆ ಒಂದು ಆಡು. ಅದಕ್ಕಿನ್ನೂ ಕೋಡು ಸರಿಯಾಗಿ ಮೂಡಿರಲಿಲ್ಲ. ಎತ್ತಿನ ಆ ದಪ್ಪ ಹಗ್ಗವನ್ನು ಅದರ ಕುತ್ತಿಗೆಗೆ ಕಟ್ಟಿದ್ದರಿಂದ ತಲೆ ಎತ್ತಲಾಗದೆ ಅಡ್ಡಾದಿಡ್ಡಿ ನಡೆಯುತ್ತಿತ್ತು. ಅದರ ಹಳೆಯ ಸಣ್ಣ ಹಗ್ಗ ಮಾರಿದವನ ಜೊತೆ ಹೋಗಿತ್ತು.

ಮೊಣಕಾಲು ನೋವು ಎಂದು ಅಂಗಳಕ್ಕೂ ಬಾರದವನು ಆ ಆಡಿನ ಹಿಂದೆ ಊರೆಲ್ಲ ಸುತ್ತಿದ. ಅದು ಮಮತಾಜಳ ಒಣಗಲು ಹಾಕಿದ ದುಪಟ್ಟಾ ತಿಂದಿತು, ನನ್ನ ಮೋಟಾರ್ ಸೈಕಲ್ಲಿನ ಸೀಟು ತಿಂದಿತು. ಅಬ್ಬಾ ಅದರ ಪರವಾಗಿ ವಾದ ಮಾಡಿದ. ಸ್ಟುಡಿಯೋದಲ್ಲಿ ಉಳಿದಿದ್ದ ಕೊನೆಯ ರೋಲು ಹಾಕಿ, ನಾನು ಕಣ್ಣಮ್ಮನನ್ನು ಹೊಟ್ಟೆಗೆ ಹಿಡಿದು, ತಲೆ ಬಾಗಿಸಿ ಅವರಿಬ್ಬರ ಫೋಟೋ ತೆಗೆದೆ. ಅಬ್ಬಾ ನಗುತ್ತಿರುವ ಫೋಟೋ ನನ್ನಲ್ಲಿರುವುದು ಅದೊಂದೇ. ಅದಕ್ಕಿಂತ ಮುಂಚಿನ ಎಲ್ಲದರಲ್ಲೂ ಅವನು ಎತ್ತಿನ ಹಲ್ಲು ನೋಡುವವನಂತೆ ನೋಡುತ್ತಿದ್ದಾನೆ.

ಅಬ್ಬಾ ಈಗಿಲ್ಲ. ಆಡನ್ನು ಅವನೇ ಕೊನೆಗೆ ಅಸೂಟಿಯ ಗೆಳೆಯನೊಬ್ಬನಿಗೆ ಕೊಟ್ಟು, ಹಗ್ಗ ಬಿಚ್ಚಿಕೊಂಡು ಬಂದು ಗೂಟಕ್ಕೆ ಹಾಕಿ ಹೋಗಿದ್ದಾನೆ.

ಈ ಸಲವೂ ಮಮತಾಜ ಗೂಟದ ಹತ್ತಿರ ನಿಂತು ಕೇಳಿದಳು. ನಾನು ಹಗ್ಗ ಇಳಿಸಿ ಹೆಗಲಿಗೆ ಹಾಕಿಕೊಂಡೆ. ಅವಳು ಆ ಗೋಡೆಗೆ ಸುಣ್ಣ ಹಚ್ಚಿ, ಒಣಗುವವರೆಗೂ ಕಾದು, ನನ್ನ ಹೆಗಲಿನಿಂದ ಹಗ್ಗ ತೆಗೆದುಕೊಂಡು ತಾನೇ ತೂಗುಹಾಕಿದಳು.

"ಇನ್ನೇನು ಬರತೈತೋ," ಎಂದು ಬಕೆಟ್ ಎತ್ತಿಕೊಂಡು ಮುಂದಿನ ಗೋಡೆಗೆ ಹೋದಳು.